ಕೋನಮಾಪಕಕ್ಕೆ ಸಿಗದ ಇಳಿಜಾರು

ಸರಳರೇಖೆಯ ಇಳಿಜಾರನ್ನು ನಮ್ಮ ವಿದ್ಯಾರ್ಥಿಗಳು ಕಡೆಯಪಕ್ಷ ಮೂರು ಸಲ ಕಲಿಯುತ್ತಾರೆ. ಪ್ರೌಢಶಾಲೆಯಲ್ಲಿ ನಕ್ಷೆ ಎಳೆಯುವಾಗ ಒಮ್ಮೆ, ಪದವಿಪೂರ್ವ ತರಗತಿಯ ನಿರ್ದೇಶಾಂಕ ರೇಖಾಗಣಿತದಲ್ಲಿ ಇನ್ನೊಮ್ಮೆ, ಭೌತವಿಜ್ಞಾನದ ಚಲನೆಯ ಅಧ್ಯಾಯದಲ್ಲಿ ಮತ್ತೊಮ್ಮೆ. ಇಷ್ಟಾದ ಮೇಲೂ, ಹತ್ತು ಮೀಟರ್ ಉದ್ದದ ಬಚ್ಚಲ ಕೊಳವೆಯ ಒಂದು ತುದಿ ಮತ್ತೊಂದಕ್ಕಿಂತ ಎಷ್ಟು ತಗ್ಗಿನಲ್ಲಿರಬೇಕು ಎಂದು ಕೇಳಿದರೆ ಬಿ.ಎಸ್‌ಸಿ. ವಿದ್ಯಾರ್ಥಿಯೂ ತಡವರಿಸುತ್ತಾನೆ. ಸ್ವಲ್ಪ ಯೋಚಿಸಿ, “ಎಷ್ಟು ಡಿಗ್ರಿ ಇಟ್ಟುಕೊಳ್ಳಬೇಕು ಸಾರ್?” ಎಂದು ಮರುಪ್ರಶ್ನೆ ಹಾಕುತ್ತಾನೆ. ನಾವು ಇಳಿಜಾರನ್ನು ಕಲಿಸುವ ಕ್ರಮದಲ್ಲಿರುವ ದೋಷ ಈ ಮರುಪ್ರಶ್ನೆಯಲ್ಲೇ ಇದೆ ಎಂಬುದು ನನ್ನ ವಾದ. ಎರಡು ಉದ್ದಗಳನ್ನು ಅಳೆದು ಒಂದನ್ನು ಮತ್ತೊಂದರಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ನಾವು ಕೋನದ ಹಿಂದೆ ಬಚ್ಚಿಟ್ಟಿದ್ದೇವೆ.

ಪಠ್ಯಪುಸ್ತಕವನ್ನೇ ತೆರೆದು ನೋಡೋಣ. ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಗಣಿತ ಪುಸ್ತಕದಲ್ಲಿ ಸರಳರೇಖೆಗಳ ಅಧ್ಯಾಯವಿದೆ. ಅಲ್ಲಿ ಮೊದಲು ಬರುವುದು ರೇಖೆಯು ಅಡ್ಡ ಅಕ್ಷದೊಂದಿಗೆ ಮಾಡುವ ಕೋನ. ಆ ಕೋನದ ಟ್ಯಾನ್ ಬೆಲೆಯೇ ಇಳಿಜಾರು ಎಂಬ ವ್ಯಾಖ್ಯೆ ಅನಂತರ ಬರುತ್ತದೆ. ಎರಡು ಬಿಂದುಗಳ ನಿರ್ದೇಶಾಂಕಗಳಿಂದ ಅದನ್ನು ಲೆಕ್ಕ ಹಾಕುವ ಸೂತ್ರವನ್ನು ಕೊನೆಯಲ್ಲಿ ಸಾಧಿಸಲಾಗುತ್ತದೆ. ತರ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಸಮಾಂತರ ರೇಖೆಗಳು, ಪರಸ್ಪರ ಲಂಬವಾಗಿರುವ ರೇಖೆಗಳು, ಎರಡು ರೇಖೆಗಳ ನಡುವಿನ ಕೋನ ಇವನ್ನೆಲ್ಲ ಚೊಕ್ಕವಾಗಿ ಪಡೆಯಲು ಈ ದಾರಿ ಅನುಕೂಲ. ನೇರ ನಿಂತ ರೇಖೆಗೆ ಇಳಿಜಾರನ್ನು ಹೇಳಲಾಗದು ಎಂಬುದೂ ತಾನಾಗಿಯೇ ಹೊರಬೀಳುತ್ತದೆ. ಗಣಿತಜ್ಞನಿಗೆ ಇದು ಸಾಕು. ಆದರೆ ಅದೇ ತರಗತಿಯಲ್ಲಿ ಕುಳಿತಿರುವ ಮುಂದಿನ ಎಂಜಿನಿಯರ್, ಮುಂದಿನ ಪ್ರಯೋಗಶಾಲೆಯ ಸಹಾಯಕ, ಮುಂದಿನ ಶಾಲಾ ಶಿಕ್ಷಕಿ ಇವರ ಮನಸ್ಸಿನಲ್ಲಿ ಉಳಿಯುವುದು ‘ಇಳಿಜಾರು ಎಂದರೆ ಕೋನಕ್ಕೆ ಸಂಬಂಧಿಸಿದ ಏನೋ ಒಂದು’ ಎಂಬ ಭಾವನೆ ಮಾತ್ರ. ಕೋನ ಎರಡು ಪಟ್ಟಾದರೆ ಇಳಿಜಾರೂ ಎರಡು ಪಟ್ಟು ಎಂದು ನಂಬಿರುವ ಪದವೀಧರರು ಬೇಕಾದಷ್ಟಿದ್ದಾರೆ. 45 ಡಿಗ್ರಿಗೆ ಇಳಿಜಾರು 1. ಹಾಗಾದರೆ 90 ಡಿಗ್ರಿಗೆ 2 ಆಗಬೇಕಿತ್ತಲ್ಲವೇ? 63 ಡಿಗ್ರಿ ದಾಟಿದೊಡನೆಯೇ ಅದು 2ನ್ನು ಮೀರಿ, 90ರ ಹತ್ತಿರ ಬಂದಂತೆ ಎಲ್ಲೆಯಿಲ್ಲದೆ ಬೆಳೆಯುತ್ತದೆ.

ಪದಗಳ ಗೊಂದಲವೂ ಇದಕ್ಕೆ ಸೇರಿಕೊಂಡಿದೆ. ಇಂಗ್ಲಿಷಿನಲ್ಲಿ ಮಕ್ಕಳಿಗೆ ‘ರೈಸ್ ಓವರ್ ರನ್’ ಎಂದು ಹೇಳಿಕೊಡುವ ರೂಢಿಯಿದೆ. ಇಲ್ಲಿ ‘ಓವರ್’ ಎಂದರೆ ಭಾಗಿಸು, ‘ರನ್’ ಎಂದರೆ ಮಟ್ಟಸವಾಗಿ ಅಳೆದ ದೂರ. ಕನ್ನಡದಲ್ಲಿ ಪಾಠ ಮಾಡುವಾಗ ಕೆಲವರು ಇದನ್ನು ಅಕ್ಷರಶಃ ಇಳಿಸಿ ‘ಓಟದ ಮೇಲೆ ಏರಿಕೆ’ ಎನ್ನುವುದನ್ನು ಕೇಳಿದ್ದೇನೆ. ಯಾರು ಓಡುತ್ತಾರೆ, ಯಾವುದರ ಮೇಲೆ ಏರುತ್ತಾರೆ ಎಂದು ಮಗು ಕಣ್ಣು ಬಿಡುತ್ತದೆ. ‘ಎತ್ತರದ ವ್ಯತ್ಯಾಸವನ್ನು ಅಡ್ಡದೂರದಿಂದ ಭಾಗಿಸು’ ಎಂದು ನೇರವಾಗಿ ಹೇಳಿದರೆ ಯಾವ ತೊಡಕೂ ಇಲ್ಲ. ‘ಇಳಿಜಾರು’ ಎಂಬ ಪದಕ್ಕೂ ಒಂದು ಮಿತಿ ಇದೆ. ಮಾತಿನಲ್ಲಿ ಅದು ಅಳತೆಯ ಹೆಸರಾಗುವುದಕ್ಕಿಂತ ಹೆಚ್ಚಾಗಿ ಜಾಗದ ಹೆಸರು. ‘ಇಳಿಜಾರಿನಲ್ಲಿ ಬಸ್ಸು ನಿಲ್ಲಿಸಬೇಡ’ ಎನ್ನುತ್ತೇವೆ. ‘ಪ್ರವಣತೆ’ ಎಂಬುದು ಅಳತೆಯ ಹೆಸರೇನೋ ಸರಿ, ಆದರೆ ಪುಸ್ತಕದ ಹೊರಗೆ ಅದಕ್ಕೆ ಬದುಕಿಲ್ಲ.

ನಮ್ಮ ಗಾರೆ ಕೆಲಸದವರ ಬಳಿ ಇದಕ್ಕೆ ಒಳ್ಳೆಯ ಪದವೊಂದಿದೆ: ವಾಟ. ‘ತಾರಸಿಗೆ ವಾಟ ಕೊಡು’, ‘ಮೋರಿಗೆ ವಾಟ ಸಾಲದು’, ‘ಬಚ್ಚಲಿನ ವಾಟ ಉಲ್ಟಾ ಆಗಿದೆ’. ವಾಟವನ್ನು ಕೊಡಬಹುದು, ಅದು ಹೆಚ್ಚು ಕಡಿಮೆ ಆಗಬಹುದು, ದಿಕ್ಕು ತಪ್ಪಲೂಬಹುದು. ಅಂದರೆ ಅದು ಚಿಹ್ನೆಸಹಿತವಾದ ಒಂದು ಪರಿಮಾಣ. ಮೇಸ್ತ್ರಿಯನ್ನು ಎಷ್ಟು ವಾಟ ಎಂದು ಕೇಳಿದರೆ ಆತ ‘ಅಡಿಗೆ ಕಾಲಿಂಚು’ ಎಂದಾನೇ ಹೊರತು ಡಿಗ್ರಿಯ ಮಾತೆತ್ತುವುದಿಲ್ಲ. ಅಡಿಗೆ ಕಾಲಿಂಚು ಎಂದರೆ 12 ಇಂಚಿಗೆ 0.25 ಇಂಚು, ಅಂದರೆ 48ಕ್ಕೆ 1. ಅಂಶವೂ ಛೇದವೂ ಅವನ ಬಾಯಲ್ಲಿ ಬಿಡಿಬಿಡಿಯಾಗಿಯೇ ಇವೆ. ಪಠ್ಯಪುಸ್ತಕ ಕೊನೆಗೆ ತಲುಪುವ ಜಾಗದಲ್ಲಿ ಈತ ಮೊದಲೇ ನಿಂತಿದ್ದಾನೆ.

ಕೋನ ಇಲ್ಲಿ ಏಕೆ ಕೆಲಸಕ್ಕೆ ಬಾರದು ಎಂಬುದನ್ನು ಅಂಕಿಗಳಲ್ಲೇ ನೋಡಬಹುದು. ಮನೆಯ ಕೊಳಚೆ ನೀರಿನ ಕೊಳವೆಗಳಿಗೆ ‘ಮಗ್ವೈರ್ ಸೂತ್ರ’ ಎಂಬ ಹಳೆಯ ಅಂದಾಜು ಲೆಕ್ಕವೊಂದಿದೆ. ಕೊಳವೆಯ ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು ಹತ್ತರಿಂದ ಗುಣಿಸಿ. ನಾಲ್ಕು ಇಂಚಿಗೆ 40ಕ್ಕೆ 1, ಆರು ಇಂಚಿಗೆ 60ಕ್ಕೆ 1, ಒಂಬತ್ತು ಇಂಚಿಗೆ 90ಕ್ಕೆ 1. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಇದಕ್ಕಿಂತ ಮೆಲುವಾದ ಇಳಿಜಾರನ್ನೂ ಒಪ್ಪುತ್ತದೆ. ಅದರಂತೆ 100 ಮಿ.ಮೀ. ಕೊಳವೆಗೆ 57ಕ್ಕೆ 1, 150 ಮಿ.ಮೀ. ಕೊಳವೆಗೆ 100ಕ್ಕೆ 1. ಈಗ 57 ಎಂಬ ಸಂಖ್ಯೆಯನ್ನು ಗಮನಿಸಿ. ಒಂದು ರೇಡಿಯನ್ ಎಂದರೆ ಸುಮಾರು 57.3 ಡಿಗ್ರಿ. ಕೋನ ಚಿಕ್ಕದಾಗಿದ್ದಾಗ ಅದರ ಟ್ಯಾನ್ ಬೆಲೆ ರೇಡಿಯನ್‌ನಲ್ಲಿ ಹೇಳಿದ ಕೋನಕ್ಕೇ ಸಮ. ಹೀಗಾಗಿ 57ಕ್ಕೆ 1 ಎಂದರೆ ಸರಿಸುಮಾರು ಒಂದೇ ಒಂದು ಡಿಗ್ರಿ. ಜ್ಯಾಮಿತಿ ಪೆಟ್ಟಿಗೆಯಲ್ಲಿರುವ ಕೋನಮಾಪಕದ ಅತಿ ಚಿಕ್ಕ ಗೆರೆಯೂ ಒಂದು ಡಿಗ್ರಿ. ಒಂದು ಡಿಗ್ರಿ ತಪ್ಪಿದರೆ ಕೊಳವೆ ಪೂರ್ತಿ ಮಟ್ಟಸವಾಗಿ ಮಲಗುತ್ತದೆ, ಅಥವಾ ವಾಟ ಎರಡು ಪಟ್ಟಾಗುತ್ತದೆ. ಅದೇ ಎಂಟು ಮೀಟರ್ ಕೊಳವೆಗೆ 57ಕ್ಕೆ 1 ಎಂದರೆ 14 ಸೆಂಟಿಮೀಟರ್ ಇಳಿಕೆ. ಟೇಪು ಹಿಡಿದ ಯಾರು ಬೇಕಾದರೂ ಅರ್ಧ ಸೆಂಟಿಮೀಟರಿನೊಳಗೆ ಅಳೆಯಬಹುದು. ನೂರಕ್ಕೆ ನೂರು ತಪ್ಪಾಗಬಹುದಾದ ಅಳತೆ ನೂರಕ್ಕೆ ನಾಲ್ಕು ತಪ್ಪಿನ ಅಳತೆಯಾಯಿತು.

ಇದು ಇಂದಿನ ಜಾಣ್ಮೆಯೇನಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮನ್ನರು ಈಗಿನ ಫ್ರಾನ್ಸಿನ ನೀಮ್ ಪಟ್ಟಣಕ್ಕೆ ನೀರು ತಂದ ಕಾಲುವೆಯ ಉದ್ದ ಸುಮಾರು 50 ಕಿಲೋಮೀಟರ್, ಒಟ್ಟು ಇಳಿಕೆ ಸುಮಾರು 12.6 ಮೀಟರ್. ಪೋಂ ದ್ಯು ಗಾರ್ ಎಂಬ ಪ್ರಸಿದ್ಧ ಕಮಾನು ಸೇತುವೆ ಇದರದೇ ಒಂದು ಭಾಗ. ಕಿಲೋಮೀಟರಿಗೆ ಕಾಲು ಮೀಟರ್, ಅಂದರೆ ಸುಮಾರು 4000ಕ್ಕೆ 1. ಕೋನದಲ್ಲಿ ಹೇಳುವುದಾದರೆ ಒಂದು ಡಿಗ್ರಿಯನ್ನು ಎಪ್ಪತ್ತು ಪಾಲು ಮಾಡಿ ಅದರಲ್ಲಿ ಒಂದು ಪಾಲು. ಅಂದಿನ ವಾಸ್ತುಶಿಲ್ಪಿ ವಿಟ್ರುವಿಯಸ್ ತನ್ನ ಗ್ರಂಥದಲ್ಲಿ ವಿವರಿಸುವ ಮಟ್ಟದ ಉಪಕರಣ ಇಪ್ಪತ್ತು ಅಡಿ ಉದ್ದದ ಮರದ ಹಲಗೆ. ಅದಕ್ಕೆ ತೂಗುಗುಂಡುಗಳಿದ್ದವು. ಗಾಳಿಗೆ ಗುಂಡು ಅಲುಗಾಡಿದರೆ ನೋಡಿಕೊಳ್ಳಲು ಹಲಗೆಯ ಮೇಲೆ ನೀರು ತುಂಬುವ ಗಾಡಿಯೂ ಇತ್ತು. ಮಟ್ಟವನ್ನು ಹಿಡಿಯುವುದು, ಇಳಿಕೆಯನ್ನು ಕೋಲಿನಲ್ಲಿ ಅಳೆಯುವುದು, ಅಷ್ಟೆ. ನಮ್ಮ ಮೇಸ್ತ್ರಿ ಇಂದು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆ ಇದಕ್ಕಿಂತಲೂ ಸರಳ. ಎರಡೂ ಬಾಯಿಗಳು ತೆರೆದಿದ್ದು ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡಿಲ್ಲವಾದರೆ ಎರಡು ತುದಿಯ ನೀರೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎಂಟನೆಯ ತರಗತಿಯ ದ್ರವದ ಒತ್ತಡದ ಪಾಠವೂ ಗಣಿತದ ಇಳಿಜಾರಿನ ಪಾಠವೂ ಈ ಅಗ್ಗದ ಕೊಳವೆಯಲ್ಲಿ ಒಟ್ಟಿಗೆ ಸೇರುತ್ತವೆ. ನಮ್ಮ ಪುಸ್ತಕಗಳಲ್ಲಿ ಅವು ಸೇರುವುದೇ ಇಲ್ಲ.

ನೀರಿಗೆ ಇಳಿಜಾರು ಏನು ಮಾಡುತ್ತದೆ?

ಮೋರಿಯ ವಾಟ ಒಂದು ಲೆಕ್ಕದ ಪ್ರಶ್ನೆಯಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಆ ಭಾಗಲಬ್ಧದಲ್ಲಿ ಭೌತವಿಜ್ಞಾನ ಅಡಗಿದೆ. ಕೊಳವೆಯಲ್ಲಿ ಒಂದೇ ಸಮನೆ ಹರಿಯುತ್ತಿರುವ ನೀರಿನ ಒಂದು ಭಾಗವನ್ನು ಕಲ್ಪಿಸಿಕೊಳ್ಳಿ. ಅದನ್ನು ಮುಂದಕ್ಕೆ ಎಳೆಯುವುದು ಅದರ ತೂಕದಲ್ಲಿ ಇಳಿಜಾರಿನಷ್ಟು ಪಾಲು. ವಾಟ 40ಕ್ಕೆ 1 ಇದ್ದರೆ ತೂಕದ ನಲವತ್ತನೆಯ ಒಂದು ಭಾಗ. ಅದನ್ನು ತಡೆಯುವುದು ಕೊಳವೆಯ ಗೋಡೆಯ ಘರ್ಷಣೆ. ಕ್ಷೋಭೆಯಿಂದ ಹರಿಯುವ ನೀರಿನಲ್ಲಿ ಈ ಘರ್ಷಣೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎರಡೂ ಸರಿದೂಗಿದಾಗ ವೇಗ ಸ್ಥಿರಗೊಳ್ಳುತ್ತದೆ. ಹೀಗಾಗಿ ವೇಗವು ಇಳಿಜಾರಿನ ವರ್ಗಮೂಲಕ್ಕೆ ಅನುಗುಣ. ಫ್ರಾನ್ಸಿನ ಎಂಜಿನಿಯರ್ ಆಂತ್ವಾನ್ ಶೆಜಿ ಹದಿನೆಂಟನೆಯ ಶತಮಾನದಲ್ಲೇ ಇದನ್ನು ಕಂಡುಕೊಂಡಿದ್ದ. ಇಂದು ಎಂಜಿನಿಯರುಗಳು ಬಳಸುವ ರೂಪವನ್ನು ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ. ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಅದು ತಾಗಿರುವ ಸುತ್ತಳತೆಯಿಂದ ಭಾಗಿಸಿದರೆ ಒಂದು ಉದ್ದ ಬರುತ್ತದೆ. ಕೊಳವೆ ತುಂಬಿದ್ದರೂ ಅರ್ಧ ತುಂಬಿದ್ದರೂ ಅದು ವ್ಯಾಸದ ಕಾಲು ಭಾಗ. ಆ ಉದ್ದದ ಮೂರನೆಯ ಎರಡು ಘಾತವನ್ನು ಇಳಿಜಾರಿನ ವರ್ಗಮೂಲದಿಂದ ಗುಣಿಸಿ, ಗೋಡೆಯ ಒರಟುತನದ ಗುಣಾಂಕದಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು ವೇಗ ಸಿಗುತ್ತದೆ.

ಲೆಕ್ಕ ಮಾಡಿಯೇ ನೋಡೋಣ. 100 ಮಿ.ಮೀ. ಕೊಳವೆಗೆ ಆ ಉದ್ದ 0.025 ಮೀಟರ್. ಅದರ ಮೂರನೆಯ ಎರಡು ಘಾತ 0.0855. ಇಳಿಜಾರು 57ಕ್ಕೆ 1, ವರ್ಗಮೂಲ 0.1325. ಒರಟುತನ 0.015 ಎಂದಿಟ್ಟುಕೊಂಡರೆ ವೇಗ ಸೆಕೆಂಡಿಗೆ 0.755 ಮೀಟರ್. ಇನ್ನು 150 ಮಿ.ಮೀ. ಕೊಳವೆಯನ್ನು 100ಕ್ಕೆ 1ರಂತೆ ಇಟ್ಟರೆ 0.112ನ್ನು 0.1ರಿಂದ ಗುಣಿಸಿ 0.015ರಿಂದ ಭಾಗಿಸಬೇಕು. ಬರುವ ಉತ್ತರ 0.747. ಎರಡೂ ಸೆಕೆಂಡಿಗೆ ಮುಕ್ಕಾಲು ಮೀಟರಿಗೆ ಬಂದು ನಿಲ್ಲುತ್ತವೆ. ಕಸ, ಮರಳು, ಜಿಡ್ಡು ತಳದಲ್ಲಿ ಕೂರದಂತೆ ನೀರೇ ಕೊಚ್ಚಿಕೊಂಡು ಹೋಗಲು ಬೇಕೆಂದು ಎಂಜಿನಿಯರುಗಳು ಇಟ್ಟುಕೊಂಡಿರುವ ವೇಗ ಇದು. ಸಂಹಿತೆಯ ಕೋಷ್ಟಕದಲ್ಲಿ ಯಾರೋ ಮನಬಂದಂತೆ ಬರೆದ ಹಾಗೆ ಕಾಣುವ 57 ಮತ್ತು 100 ಎಂಬ ಸಂಖ್ಯೆಗಳು ಒಂದೇ ಬೇರಿನಿಂದ ಹುಟ್ಟಿವೆ. ಪದವಿಪೂರ್ವ ವಿದ್ಯಾರ್ಥಿ ಕ್ಯಾಲ್ಕ್ಯುಲೇಟರ್ ಹಿಡಿದು ಹತ್ತು ನಿಮಿಷದಲ್ಲಿ ಇದನ್ನು ಪರೀಕ್ಷಿಸಬಹುದು. ದೊಡ್ಡ ಕೊಳವೆಗೆ ಕಡಿಮೆ ವಾಟ ಸಾಕಾಗುವುದೇಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ: ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಅದರಲ್ಲಿ ತಡೆಯುವ ಗೋಡೆ ಕಡಿಮೆ.

ವಾಟವನ್ನು ಅರ್ಧಕ್ಕಿಳಿಸಿ 114ಕ್ಕೆ 1 ಮಾಡಿದರೆ ವೇಗ ಅರ್ಧವಾಗದೆ 0.53ಕ್ಕೆ ಇಳಿಯುತ್ತದೆ. ವೇಗ ಎರಡು ಪಟ್ಟಾಗಬೇಕಿದ್ದರೆ ವಾಟ ನಾಲ್ಕು ಪಟ್ಟಾಗಬೇಕು. ಹಾಗಿದ್ದರೆ ಧಾರಾಳವಾಗಿ ವಾಟ ಕೊಟ್ಟುಬಿಡೋಣ ಎನ್ನುವಂತೆಯೂ ಇಲ್ಲ. ಮೂವತ್ತು ಮೀಟರ್ ದೂರಕ್ಕೆ 40ಕ್ಕೆ 1 ಎಂದರೆ 75 ಸೆಂ.ಮೀ. ಇಳಿಕೆ, 57ಕ್ಕೆ 1 ಎಂದರೆ 53 ಸೆಂ.ಮೀ. ಬೀದಿಯ ಒಳಚರಂಡಿ ಎಷ್ಟು ಆಳದಲ್ಲಿದೆಯೋ ಅಷ್ಟೇ. ಮನೆಯಿಂದ ಅದಕ್ಕಿರುವ ದೂರವೂ ಬದಲಾಗದು. ಅಂಶ ಛೇದಗಳೆರಡೂ ನಿವೇಶನದಲ್ಲೇ ನಿಗದಿಯಾಗಿರುವಾಗ ಮನೆ ಕಟ್ಟುವವರ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ‘ಹಾಗಾದರೆ ದೊಡ್ಡ ಕೊಳವೆ ಹಾಕೋಣ, ಅದಕ್ಕೆ ಕಡಿಮೆ ವಾಟ ಸಾಕಲ್ಲ’ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೊಳವೆ ಅರ್ಧವಾದರೂ ತುಂಬಿ ಹರಿದರೆ ಮಾತ್ರ ಆ ಲೆಕ್ಕ ನಿಜ. ಒಂದು ಬಚ್ಚಲಿನ ನೀರು ದೊಡ್ಡ ಕೊಳವೆಯ ತಳದಲ್ಲಿ ತೆಳುವಾಗಿ ಹರಡಿಕೊಂಡರೆ ಗೋಡೆಯ ತಡೆಯೇ ಮೇಲುಗೈ ಪಡೆಯುತ್ತದೆ. ಬೆಂಗಳೂರು ದಿಬ್ಬದ ಮೇಲೆ ಹಬ್ಬಿದ ಊರು. ಅದರ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಎಂಬ ಮೂರು ಮುಖ್ಯ ಕಣಿವೆಗಳ ಕಡೆಗೆ ತಾನಾಗಿ ಇಳಿಯುತ್ತದೆ. ಆ ಇಳಿಕೆಗೆ ಅಡ್ಡವಾಗಿ ರಸ್ತೆಯನ್ನೋ ಕಟ್ಟಡವನ್ನೋ ಎತ್ತರಿಸಿದ ಕಡೆ ಮಳೆ ಬಂದ ದಿನ ಏನಾಗುತ್ತದೆ ಎಂಬುದನ್ನು ಊರಿನವರಿಗೆ ವಿವರಿಸಬೇಕಾಗಿಲ್ಲ.

ಕೊಳವೆ ಕಲಿಸುವ ಇನ್ನೊಂದು ಪಾಠ ಕಲನಶಾಸ್ತ್ರದ್ದು. ಹತ್ತು ಮೀಟರ್ ಕೊಳವೆಯೊಂದರ ಎರಡು ತುದಿಗಳ ನಡುವೆ 25 ಸೆಂ.ಮೀ. ಇಳಿಕೆ ಇದೆ ಎನ್ನಿ. ಲೆಕ್ಕದಂತೆ 40ಕ್ಕೆ 1. ಗುತ್ತಿಗೆದಾರ ಎರಡೂ ತುದಿ ಅಳೆದು ತೋರಿಸಿ ಹಣ ಪಡೆದು ಹೋಗಿದ್ದಾನೆ. ಆರು ತಿಂಗಳಲ್ಲಿ ಕೊಳವೆ ಕಟ್ಟಿಕೊಳ್ಳುತ್ತದೆ. ಅಗೆದು, ಎರಡೆರಡು ಮೀಟರಿಗೊಮ್ಮೆ ಮೇಲಿನ ತುದಿಯಿಂದ ಇಳಿಕೆಯನ್ನು ಅಳೆದರೆ 5, 13, 12, 20, 25 ಸೆಂ.ಮೀ. ಎಂದು ಬರುತ್ತದೆ. ನಾಲ್ಕನೆಯ ಮೀಟರಿನ ಬಳಿ ಮಣ್ಣು ಕುಸಿದು ಕೊಳವೆ ಜೋತುಬಿದ್ದಿದೆ. ನಾಲ್ಕರಿಂದ ಆರನೆಯ ಮೀಟರಿನವರೆಗೆ ಅದು ಒಂದು ಸೆಂಟಿಮೀಟರ್ ಮೇಲಕ್ಕೇ ಏರಿದೆ. ಅಲ್ಲಿ ಇಳಿಜಾರು ಋಣ ಸಂಖ್ಯೆ. ಉಳಿದ ಕಡೆ 40ಕ್ಕೆ 1 ಅಥವಾ 25ಕ್ಕೆ 1. ಸರಾಸರಿ ಮಾತ್ರ ನಿಷ್ಕಳಂಕ! ನೀರಿಗೆ ಸರಾಸರಿಯ ಹಂಗಿಲ್ಲ. ಅದು ತಾನಿರುವ ಜಾಗದ ಇಳಿಜಾರನ್ನಷ್ಟೇ ಬಲ್ಲದು. ಎರಡು ಬಿಂದುಗಳ ನಡುವಿನ ಜ್ಯಾದ ಇಳಿಜಾರಿಗೂ ಒಂದು ಬಿಂದುವಿನಲ್ಲಿ ಎಳೆದ ಸ್ಪರ್ಶಕದ ಇಳಿಜಾರಿಗೂ ಇರುವ ವ್ಯತ್ಯಾಸವನ್ನು ನಾನು ಬಹಳ ಕಾಲದಿಂದ ಇದೇ ಕೊಳವೆಯಿಂದ ಕಲಿಸುತ್ತಾ ಬಂದಿದ್ದೇನೆ. ಎರಡು ಮೀಟರಿಗೊಮ್ಮೆ ಅಳೆದದ್ದು ಸಾಲದಾದರೆ ಅರ್ಧ ಮೀಟರಿಗೊಮ್ಮೆ, ಅದೂ ಸಾಲದಾದರೆ ಇನ್ನೂ ಹತ್ತಿರ ಹತ್ತಿರ. ಅಡ್ಡದೂರವನ್ನು ಸೊನ್ನೆಯತ್ತ ಒಯ್ಯುವುದು ಎಂಬ ಮಾತು ಅಲ್ಲಿಂದಾಚೆಗೆ ಯಾರಿಗೂ ನಿಗೂಢವೆನಿಸುವುದಿಲ್ಲ. ಇಳಿಜಾರನ್ನು ಕೋನವೆಂದು ಕಲಿತವರಿಗೆ ಅವಕಲನದ ಈ ಮೆಟ್ಟಿಲು ಕಾಣಿಸುವುದು ಕಷ್ಟ.

ಪ್ರಯೋಗಶಾಲೆಯಲ್ಲಿ ಕೋನಮಾಪಕ

ಕೋನದ ಮೂಲಕ ಬಂದ ವ್ಯಾಖ್ಯೆಯಿಂದ ಆಗುವ ಅತಿ ದೊಡ್ಡ ಕೆಡುಕು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ. ಓಮ್ ನಿಯಮದ ಪ್ರಯೋಗದಲ್ಲಿ ವಿಭವಾಂತರವನ್ನು ಲಂಬ ಅಕ್ಷದಲ್ಲೂ ವಿದ್ಯುತ್ ಪ್ರವಾಹವನ್ನು ಅಡ್ಡ ಅಕ್ಷದಲ್ಲೂ ಗುರುತಿಸಿ ಸರಳರೇಖೆ ಎಳೆಯುತ್ತಾರೆ. ಅದರ ಇಳಿಜಾರೇ ರೋಧ. ಕೆಲವು ವಿದ್ಯಾರ್ಥಿಗಳು ತಕ್ಷಣ ಕೋನಮಾಪಕ ತೆಗೆದು ರೇಖೆಯ ಕೋನ ಅಳೆದು ಅದರ ಟ್ಯಾನ್ ಬೆಲೆಯನ್ನು ರೋಧವೆಂದು ಬರೆಯುತ್ತಾರೆ. ಪ್ರಾಯೋಗಿಕ ಪರೀಕ್ಷೆಗಳಲ್ಲಿ ಇದನ್ನು ಪ್ರತಿವರ್ಷ ನೋಡುತ್ತೇನೆ. ಅವರನ್ನು ಬೈದು ಫಲವಿಲ್ಲ. ಗಣಿತದ ತರಗತಿಯಲ್ಲಿ ಕೇಳಿದ್ದನ್ನೇ ಅವರು ನಿಷ್ಠೆಯಿಂದ ಪಾಲಿಸಿದ್ದಾರೆ.

0.4 ಆಂಪೇರಿಗೆ 2 ವೋಲ್ಟ್ ಎಂಬ ಬಿಂದು ರೇಖೆಯ ಮೇಲಿದೆ ಎನ್ನಿ. ರೋಧ 5 ಓಮ್. ಒಬ್ಬಳು ಒಂದು ಸೆಂ.ಮೀ.ಗೆ 0.2 ವೋಲ್ಟ್, ಒಂದು ಸೆಂ.ಮೀ.ಗೆ 0.1 ಆಂಪೇರ್ ಎಂಬ ಪ್ರಮಾಣ ಹಿಡಿದಳು. ಕಾಗದದ ಮೇಲೆ ಆ ಬಿಂದು 10 ಸೆಂ.ಮೀ. ಎತ್ತರದಲ್ಲಿ, 4 ಸೆಂ.ಮೀ. ದೂರದಲ್ಲಿದೆ. ರೇಖೆಯ ಕೋನ ಸುಮಾರು 68 ಡಿಗ್ರಿ, ಟ್ಯಾನ್ ಬೆಲೆ 2.5. ಪಕ್ಕದವನು ಸೆಂ.ಮೀ.ಗೆ 0.5 ವೋಲ್ಟ್, 0.05 ಆಂಪೇರ್ ಹಿಡಿದ. ಅವನ ಬಿಂದು 4 ಸೆಂ.ಮೀ. ಎತ್ತರ, 8 ಸೆಂ.ಮೀ. ದೂರ. ಕೋನ ಸುಮಾರು 27 ಡಿಗ್ರಿ, ಟ್ಯಾನ್ ಬೆಲೆ 0.5. ಒಂದೇ ತಂತಿಗೆ ಇಬ್ಬರಿಗೂ ಬೇರೆ ಬೇರೆ ಉತ್ತರ, ಎರಡೂ ತಪ್ಪು. 2 ವೋಲ್ಟನ್ನು 0.4 ಆಂಪೇರಿನಿಂದ ಭಾಗಿಸಿದರೆ ಇಬ್ಬರಿಗೂ 5 ಓಮ್. ಅಕ್ಷಗಳೆರಡೂ ಒಂದೇ ಮಾನದಲ್ಲಿದ್ದು ಒಂದೇ ಪ್ರಮಾಣದಲ್ಲಿದ್ದಾಗ ಮಾತ್ರ ಕೋನದ ಟ್ಯಾನ್ ಬೆಲೆಯೂ ಇಳಿಜಾರೂ ಒಂದಾಗುತ್ತವೆ. ನಿಜವಾದ ಬೆಟ್ಟಕ್ಕೆ, ಕೊಳವೆಗೆ ಅದು ಸರಿ. ನಕ್ಷೆಯ ಮೇಲಿನ ರೇಖೆಗೆ ಕೋನ ಎಂಬುದು ಕಾಗದದ ಗುಣವೇ ಹೊರತು ತಂತಿಯದಲ್ಲ. ಪತ್ರಿಕೆಗಳಲ್ಲಿ ಬರುವ ‘ಕಡಿದಾಗಿ ಏರಿದ’ ಬೆಲೆಗಳ ನಕ್ಷೆಗಳನ್ನೂ ಇದೇ ಅನುಮಾನದಿಂದ ನೋಡುವುದು ಒಳ್ಳೆಯದು.

ಸಂಕೇತಗಳ ಗೊಂದಲವನ್ನು ಬೇಗ ಮುಗಿಸುತ್ತೇನೆ. 40ಕ್ಕೆ 1 ಎಂಬುದನ್ನು 1:40 ಎಂದೂ, ಶೇಕಡಾ 2.5 ಎಂದೂ, 0.025 ಎಂದೂ ಬರೆಯುತ್ತಾರೆ. ನಾಲ್ಕೂ ಒಂದೇ. ‘ನೂರಕ್ಕೆ ಒಂದು ಎಂದರೆ ನಲವತ್ತಕ್ಕೆ ಒಂದಕ್ಕಿಂತ ಕಡಿದು’ ಎಂದು ಮಕ್ಕಳು ಮೊದಲಿಗೆ ಹೇಳುವುದು ಸಹಜ, ಒಂದು ಸಲ ಎಳೆದು ತೋರಿಸಿದರೆ ಸರಿಹೋಗುತ್ತದೆ. ಕಾಲುವೆಯ ಏರಿಯ ಪಕ್ಕದ ಇಳಿಜಾರನ್ನು ಎಂಜಿನಿಯರುಗಳು 1.5:1 ಎಂದು ಬರೆದಾಗ ಅಡ್ಡದೂರ ಮೊದಲು, ಎತ್ತರ ಆಮೇಲೆ. ಅಂದರೆ ತಲೆಕೆಳಗು. ಇದನ್ನು ತಿಳಿಸದೆ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ನಕಾಶೆ ಹರಡುವುದು ಅನ್ಯಾಯ. ಇನ್ನು, ಅಡ್ಡದೂರವನ್ನು ಮಟ್ಟಸವಾಗಿ ಅಳೆಯಬೇಕೋ ಕೊಳವೆಯ ಮೈಯುದ್ದಕ್ಕೂ ಅಳೆಯಬೇಕೋ ಎಂಬ ಪ್ರಶ್ನೆ. ವ್ಯಾಖ್ಯೆಯಂತೆ ಮಟ್ಟಸವಾಗಿ. ಆದರೆ 40ಕ್ಕೆ 1ರ ವಾಟದಲ್ಲಿ ಎಂಟು ಮೀಟರಿಗೆ ಇವೆರಡರ ವ್ಯತ್ಯಾಸ ಬರೀ ಎರಡೂವರೆ ಮಿಲಿಮೀಟರ್. ಮೇಸ್ತ್ರಿ ಕೊಳವೆಯ ಮೇಲೆಯೇ ಟೇಪು ಹಾಸಿದರೆ ಆಕ್ಷೇಪಿಸಬೇಕಿಲ್ಲ. 45 ಡಿಗ್ರಿಯಲ್ಲಿ ಮಾತ್ರ ಓರೆ ಉದ್ದ ಶೇಕಡಾ 41ರಷ್ಟು ಹೆಚ್ಚಾಗಿರುತ್ತದೆ.

ರೈಲ್ವೆಯವರೂ ಕೋನವನ್ನು ನೆಚ್ಚಿಕೊಂಡಿಲ್ಲ ಎಂಬುದನ್ನು ಗಮನಿಸಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಮಾರ್ಗದ ಇಳಿಜಾರು 50ಕ್ಕೆ 1. ಇದರಿಂದ ಬಲವನ್ನು ನೇರವಾಗಿ ಓದಬಹುದು. ಘರ್ಷಣೆಯನ್ನು ಬದಿಗಿಟ್ಟರೆ ಒಂದು ಟನ್ ಭಾರವನ್ನು ಮೇಲೆಳೆಯಲು ಸಾವಿರ ಕಿಲೋಗ್ರಾಂನ ಐವತ್ತನೆಯ ಒಂದು ಭಾಗ, ಅಂದರೆ 20 ಕಿಲೋಗ್ರಾಂ ತೂಕದಷ್ಟು ಬಲ. ನೀಲಗಿರಿಯ ಪುಟ್ಟ ರೈಲು ಕಲ್ಲಾರಿನಿಂದ ಕೂನೂರಿಗೆ ಏರುವಾಗ ಇಳಿಜಾರು ಸುಮಾರು 12ಕ್ಕೆ 1. ಅಲ್ಲಿ ಟನ್ನಿಗೆ 83 ಕಿಲೋಗ್ರಾಂ ಬೇಕು. ಹಳಿಯ ಮೇಲೆ ಚಕ್ರ ಜಾರದೆ ಎಳೆಯುವುದು ಸಾಧ್ಯವಾಗದೆ ನಡುವೆ ಹಲ್ಲಿನ ಹಳಿ ಹಾಕಿದ್ದಾರೆ. ಇದನ್ನೇ 1.15 ಡಿಗ್ರಿ, 4.8 ಡಿಗ್ರಿ ಎಂದು ಹೇಳಿದ್ದರೆ ಯಾರಿಗೆ ಏನು ತಿಳಿಯುತ್ತಿತ್ತು?

12ಕ್ಕೆ 1 ಎಂಬ ಇದೇ ಸಂಖ್ಯೆ ಈಗ ಪ್ರತಿ ಶಾಲೆಯ ಬಾಗಿಲಿಗೂ ಬಂದಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ಬಳಿಕ ಸಾರ್ವಜನಿಕ ಕಟ್ಟಡಗಳಿಗೆ ಗಾಲಿಕುರ್ಚಿ ಹೋಗಬಲ್ಲ ಇಳಿಜಾರು ದಾರಿ, ನಾವೆಲ್ಲ ರ‍್ಯಾಂಪ್ ಎನ್ನುವುದು, ಇರಲೇಬೇಕು. ಅದು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು ಎಂಬುದು ದೇಶದ ಮಾರ್ಗಸೂಚಿ. ಶಾಲೆಯೊಂದಕ್ಕೆ ಉಪನ್ಯಾಸಕ್ಕೆಂದು ಹೋಗಿದ್ದಾಗ ಅಲ್ಲಿನ ರ‍್ಯಾಂಪನ್ನು ಅಳೆದೆ. ಜಗಲಿಯ ಎತ್ತರ 45 ಸೆಂ.ಮೀ., ರ‍್ಯಾಂಪಿನ ಅಡ್ಡದೂರ ಒಂದೂವರೆ ಮೀಟರ್. ಇಳಿಜಾರು 0.3. ನಿಯಮದಂತೆ 45ನ್ನು 12ರಿಂದ ಗುಣಿಸಿ 5.4 ಮೀಟರ್ ಉದ್ದ ಇರಬೇಕಿತ್ತು. ಮಗುವೂ ಕುರ್ಚಿಯೂ ಸೇರಿ 75 ಕಿಲೋಗ್ರಾಂ ಎಂದುಕೊಂಡರೆ 12ಕ್ಕೆ 1ರಲ್ಲಿ ತಳ್ಳಲು ಸುಮಾರು 61 ನ್ಯೂಟನ್ ಸಾಕು. ಈ ರ‍್ಯಾಂಪಿನಲ್ಲಿ ಸುಮಾರು 211 ನ್ಯೂಟನ್ ಬೇಕು, ಹೆಚ್ಚುಕಡಿಮೆ ಇಪ್ಪತ್ತೊಂದೂವರೆ ಕಿಲೋಗ್ರಾಂ ತೂಕವನ್ನು ಎತ್ತಿ ಹಿಡಿದಂತೆ. ತನ್ನ ಕೈಯಿಂದಲೇ ಗಾಲಿ ತಿರುಗಿಸುವ ಮಗು ಅದನ್ನು ಏರಲಾರದು. ಇಳಿಯುವಾಗ ತಡೆಯಲಾರದು. ‘ರ‍್ಯಾಂಪ್ ಇದೆ’ ಎಂದು ದಾಖಲೆಯಲ್ಲಿ ಗುರುತು ಬಿದ್ದಿರುತ್ತದೆ. ಅದೇ ಶಾಲೆಯ ಕರಿಹಲಗೆಯ ಮೇಲೆ ಎರಡು ಬಿಂದುಗಳ ನಡುವಿನ ಇಳಿಜಾರಿನ ಸೂತ್ರ ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು.

ಪರೀಕ್ಷೆಯ ಪ್ರಶ್ನೆಗಳನ್ನೂ ಇಲ್ಲಿ ಪ್ರಸ್ತಾಪಿಸಲೇಬೇಕು, ಏಕೆಂದರೆ ನಮ್ಮಲ್ಲಿ ಪಾಠ ನಡೆಯುವುದು ಅವುಗಳ ಹಿಂದೆಯೇ. ‘(2, 3) ಮತ್ತು (6, 11) ಬಿಂದುಗಳ ಮೂಲಕ ಹಾದುಹೋಗುವ ರೇಖೆಯ ಇಳಿಜಾರು ಕಂಡುಹಿಡಿಯಿರಿ’ ಎಂದು ಕೇಳುತ್ತಾರೆ. ಉತ್ತರ 2. ಏನು 2, ಯಾವುದಕ್ಕೆ 2 ಎಂದು ಯಾರೂ ಕೇಳುವುದಿಲ್ಲ. ಅದರ ಜೊತೆಯಲ್ಲೇ ಇನ್ನೊಂದು ಪ್ರಶ್ನೆ ಇರಲಿ: ಬಚ್ಚಲಿನಿಂದ ಛೇಂಬರಿಗೆ 12 ಮೀಟರ್, ಛೇಂಬರಿನ ಬಾಯಿ ಬಚ್ಚಲಿನ ಬಾಯಿಗಿಂತ 18 ಸೆಂ.ಮೀ. ಕೆಳಗಿದೆ. 100 ಮಿ.ಮೀ. ಕೊಳವೆಗೆ 57ಕ್ಕೆ 1 ಬೇಕು. ಇಷ್ಟು ಇಳಿಕೆ ಸಾಕೇ? ಸಾಲದಿದ್ದರೆ ಛೇಂಬರನ್ನು ಎಷ್ಟು ಆಳ ಮಾಡಬೇಕು? ಇದಕ್ಕೆ ಟ್ಯಾನ್ ಕೋಷ್ಟಕ ಬೇಕಿಲ್ಲ. 1200ನ್ನು 57ರಿಂದ ಭಾಗಿಸಿದರೆ 21 ಬರುತ್ತದೆ, ಮೂರು ಸೆಂಟಿಮೀಟರ್ ಕೊರತೆ. ಪ್ರಾಯೋಗಿಕ ಅಂಕಗಳನ್ನು ಕೊಡುವ ಶಿಕ್ಷಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹತ್ತು ಮೀಟರ್ ಪಾರದರ್ಶಕ ಕೊಳವೆ, ಒಂದು ಟೇಪು, ನಾಲ್ವರು ವಿದ್ಯಾರ್ಥಿಗಳು. ಶಾಲೆಯ ಚರಂಡಿಯನ್ನು ಎರಡು ಮೀಟರಿಗೊಮ್ಮೆ, ರ‍್ಯಾಂಪನ್ನು ಅರ್ಧ ಮೀಟರಿಗೊಮ್ಮೆ ಅಳೆದು ಇಳಿಕೆಯನ್ನು ದೂರದ ಎದುರು ನಕ್ಷೆಯಾಗಿ ಎಳೆಯಲಿ. ಎಲ್ಲಿ ರೇಖೆ ಮೇಲಕ್ಕೆ ತಿರುಗಿದೆಯೋ ಅಲ್ಲಿಗೆ ಹೋಗಿ ನೋಡಲಿ. ಅಲ್ಲಿ ನೀರು ನಿಂತಿರುತ್ತದೆ.